ಮೆಟ್ಟಿಲ ಕೆಳಗಿನ ನಾಲ್ಕು ಜೊತೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಾನು ಚೆನ್ನಾಗಿದ್ದೇನೆ. ಕನ್ನಡಕದ ಕಾರ್ಖಾನೆಯ ತರಬೇತಿ ಅರ್ಧ ಮುಗಿಯಿತು. ಗಾಜು ಉಜ್ಜುವ ಯಂತ್ರ ಈಗ ನನ್ನ ಮಾತು ಕೇಳುತ್ತದೆ, ನಿನ್ನ ಮಕ್ಕಳಿಗಿಂತ ವಾಸಿ.

ನಾನಿರುವುದು ಬಸ್ಸು ಓಡಿಸಿ ನಿವೃತ್ತರಾದ ಒಬ್ಬ ಹೆಂಗಸಿನ ಮನೆಯ ಮಹಡಿಯಲ್ಲಿ. ಒಳ್ಳೆಯವರು, ಆದರೆ ಪ್ರಶ್ನೆಗಳು ಮಾತ್ರ ಒಂದೊಂದೂ ಮುತ್ತು. ನಿಮ್ಮ ದೇಶದಲ್ಲಿ ಮನೆಗಳಿಗೆ ಬಾಗಿಲು ಇರುತ್ತದಾ, ದಿನಾ ಊಟ ಸಿಗುತ್ತದಾ ಎಂದು ಕೇಳುತ್ತಾರೆ. ನನ್ನ ತಟ್ಟೆಗೆ ಯಾವಾಗಲೂ ಒಂದು ಸೌಟು ಹೆಚ್ಚು. ಉಂಡುಂಡೇ ಇಷ್ಟು ದಪ್ಪಗಾಗಿದ್ದು ಎಂದರೂ ನಂಬುವುದಿಲ್ಲ.

ಬಾಯಿ ಮುಚ್ಚಿಸೋಣ ಎಂದು, ಹೊರಡುವ ದಿನ ನಾನು ತೆಗೆದಿದ್ದ ಫೋಟೋ ತೋರಿಸಿದೆ. ಹೊಸ ಬಣ್ಣ ಬಳಿದ ಮನೆಯ ಮೆಟ್ಟಿಲ ಮೇಲೆ ಅಮ್ಮ, ಭಾವ, ನೀನು, ನಿನ್ನ ಮಕ್ಕಳಿಬ್ಬರು. ಅವರು ನನ್ನ ಕೈ ಸವರಿದರು. ಬಣ್ಣ ಮೆಚ್ಚಿದರು ಅಂದುಕೊಂಡೆ. ಮಾರನೆಯ ದಿನ ನನ್ನ ಕೋಣೆಯ ಮುಂದೆ ಒಂದು ಚೀಲ. ಒಳಗೆ ಬೀದಿಯ ಮನೆಮನೆಯಿಂದ ಎತ್ತಿ ತಂದ ಹಳೆಯ ಷೂಗಳು. ಪಾಪ, ನಿಮ್ಮ ಮನೆಯಲ್ಲಿ ಒಬ್ಬರ ಕಾಲಲ್ಲೂ ಏನೂ ಇಲ್ಲವಲ್ಲ ಎಂದರು.

ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಅಮ್ಮ ಆಗತಾನೆ ತೊಳೆದ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ನಿಲ್ಲುವ ಧೈರ್ಯ ಯಾರಿಗಿದೆ? ಅದನ್ನೆಲ್ಲ ಇಲ್ಲಿಯವರ ಭಾಷೆಯಲ್ಲಿ ಹರುಕುಮುರುಕಾಗಿ ವಿವರಿಸಿದೆ. ಫೋಟೋದಲ್ಲಿ ಮೆಟ್ಟಿಲ ಕೆಳಗೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ಬೆರಳಿಟ್ಟು ತೋರಿಸಿದೆ. ನಮ್ಮ ಮನೆಯಲ್ಲಿ ಯಾರಿಗೂ ಯಾವುದಕ್ಕೂ ಕೊರತೆಯಿಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಅವರು ನಾಚಿ ಕ್ಷಮೆ ಕೇಳಿದರು. ಆದರೆ ಬಸ್ಸಿನ ಜನರನ್ನು ಎಣಿಸಿ ಎಣಿಸಿ ಅಭ್ಯಾಸ ನೋಡು, ಇನ್ನೊಮ್ಮೆ ಫೋಟೋ ನೋಡಿ, ಜನ ಐದು, ಚಪ್ಪಲಿ ನಾಲ್ಕೇ ಜೊತೆ, ಇಲ್ಲದ್ದು ಯಾರದು ಎಂದರು. ಎಲ್ಲೋ ಆಚೆ ಬಿದ್ದಿರಬೇಕು ಎಂದು ಚೀಲ ವಾಪಸ್ ಕೊಟ್ಟೆ.

ಮೇಲೆ ಬಂದು ಫೋಟೋ ಹಿಡಿದು ನಾನೇ ಎಣಿಸಿದೆ. ಭಾವನದ್ದು ದೊಡ್ಡದು, ಮಕ್ಕಳವು ಚಿಕ್ಕವು, ಹಿಮ್ಮಡಿ ಸವೆದಿರುವುದು ಅಮ್ಮನದ್ದು. ನಿನ್ನದು ನನ್ನ ಕಾಲಲ್ಲಿದೆ. "ನನ್ ಹತ್ರ ಇನ್ನೊಂದು ಜೊತೆ ಇದೆ, ಸುಮ್ನೆ ಹಾಕ್ಕೊಂಡು ಹೋಗು" ಎಂದು ನೀನೇ ತೊಡಿಸಿ ಕಳಿಸಿದ ಷೂ. ಆ ಇನ್ನೊಂದು ಜೊತೆ ಎಲ್ಲಿದೆ ಅಕ್ಕಾ? ಬೆಳಗಿನಿಂದ ಸಂಜೆತನಕ ಇಸ್ತ್ರಿ ಅಂಗಡಿಯಲ್ಲಿ ನಿಂತು ದುಡಿಯುವವಳು ನೀನು. ಬಚ್ಚಲಿನ ಚಪ್ಪಲಿಯಲ್ಲೇ ಹೋಗಿಬರುತ್ತಿದ್ದೀಯಾ? ಸುಳ್ಳು ಬರೆಯಬೇಡ, ಅಮ್ಮನನ್ನೂ ಕೇಳುತ್ತೇನೆ. ಮನೆಯ ಮಾನ ಉಳಿಸಿದೆ ಎಂದು ಬೀಗುತ್ತಿದ್ದೆ. ನಮ್ಮ ಮನೆಯ ಸಂಗತಿಯನ್ನು ಪರದೇಶದವರು ಎಣಿಸಿ ನನಗೆ ಹೇಳಬೇಕಾಯಿತು.

ನಿನ್ನ ಮೇಲೆ ಸಿಟ್ಟಾಗಿರುವ
ತಂಗಿ

ಸಹಿ ಹಾಕಿದ ಮೇಲೆ ಇನ್ನೊಂದು ಮಾತು: ಈಗಷ್ಟೇ ಕೆಳಗೆ ಹೋಗಿ, ಆ ಚೀಲದಲ್ಲಿ ಒಂದು ಜೊತೆ ಬೇಕು, ನಮ್ಮಕ್ಕನಿಗೆ ಎಂದೆ. ಈ ಸಲ ಅವರು ಪಾಪ ಅನ್ನಲಿಲ್ಲ, ಅಳತೆ ಎಷ್ಟು ಎಂದು ಕೇಳಿದರು. ನಿನ್ನ ಷೂ ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಚೀಲದಲ್ಲಿ ಹುಡುಕಿ ಮುಗಿಸುವವರೆಗೂ ಬರಿಗಾಲಲ್ಲಿ ನಿಂತಿದ್ದೆ.