ಮೂರನೆಯ ಪಿನ್ನು

ಆಲ್ದೂರು
೧೧ ಮೇ ೨೦೨೪

ಪ್ರೀತಿಯ ಚಂದ್ರಕ್ಕನಿಗೆ ಸುಪ್ರಿಯಾಳ ನಮಸ್ಕಾರ.

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಗಾಬರಿಯಾಗಿರಬೇಕು. ನಿನ್ನ ಮದುವೆಯಾದ ವರ್ಷ ಬರೆದದ್ದೇ ಕೊನೆ, ಆಮೇಲೆ ನಾವಿಬ್ಬರೂ ಕಾಗದ ಬರೆದವರಲ್ಲ. ಮನೆಯಲ್ಲಿ ಎಲ್ಲರೂ ಇದ್ದೇವೆ, ಯಾರಿಗೂ ಏನೂ ಆಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯುಗಾದಿಗೆ ಕಡೂರಿಗೆ ಬರುತ್ತೇವೆ ಎಂದವಳು ಬರಲಿಲ್ಲ. ನೀನು ಅಷ್ಟು ಸಲ ಫೋನ್ ಮಾಡಿದಾಗಲೂ "ರಿಪೇರಿ ಅಂಗಡೀಲಿ ಕೆಲಸ ಜಾಸ್ತಿ ಕಣಕ್ಕ" ಎಂದು ಸುಳ್ಳು ಹೇಳಿದೆ. ಸಿಟ್ಟಾಗಬೇಡ. ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಅತ್ತೆ ಒಳಗೆ ಬಂದರು. ಇನ್ನೊಂದು ಸಲ ಯಾರೂ ಬರಲಿಲ್ಲ, ಆದರೂ ಆಗಲಿಲ್ಲ.

ಸ್ವಾತಿ ಏಳನೆಯ ಕ್ಲಾಸಿಗೆ ಪಾಸಾದಳು. ಅತ್ತೆಗೆ ಮಂಡಿನೋವು ಹಾಗೇ ಇದೆ, ಎಣ್ಣೆ ತಿಕ್ಕಿದ ದಿನ ಸ್ವಲ್ಪ ವಾಸಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಈ ಸಲ ಸರಿಯಾಗಿ ಬೀಳಲಿಲ್ಲವೆಂದು ತೋಟದವರೆಲ್ಲ ಗೊಣಗುತ್ತಿದ್ದಾರೆ. ಇವರ ಸುದ್ದಿಯನ್ನು ಬರೆಯಲು ಹೊರಟರೆ ಮಾತ್ರ ಪೆನ್ನು ನಿಂತುಬಿಡುತ್ತದೆ. ಇಷ್ಟರಲ್ಲಿ ನಿನ್ನ ಕಿವಿಗೂ ಏನಾದರೂ ಬಿದ್ದಿರಬಹುದು. ಬಿದ್ದಿದ್ದರೂ, ನಡೆದದ್ದನ್ನು ಒಂದು ಸಲ ನನ್ನಿಂದ ಕೇಳು.

ಮಲ್ಲಂದೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಅಂಜನಮ್ಮ ಎಂಬವರಿದ್ದರು. ಐವತ್ತರ ಆಸುಪಾಸು. ಗಂಡ ಬೆಳ್ಳಿಯಪ್ಪ ಅದೇ ಎಸ್ಟೇಟಿನಲ್ಲಿ ಮರ ಹತ್ತಿ ನೆರಳಿನ ಕೊಂಬೆ ಕಡಿಯುವ ಕೆಲಸದವರು. ಮಗಳು ರಂಜಿತಾ ಚಿಕ್ಕಮಗಳೂರಿನ ಬಟ್ಟೆ ಅಂಗಡಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅಂಜನಮ್ಮನ ತಂಗಿ ಅತ್ತಿಗುಂಡಿಯ ಒಂದು ಹೋಂಸ್ಟೇಯಲ್ಲಿ ಅಡುಗೆಗಿದ್ದಾಳೆ. ಅಲ್ಲಿ ಹೊಸ ಫ್ರಿಜ್ ಬಂದಾಗ ಹಳೆಯದು ಇವರ ಮನೆಗೆ ಬಂತು. ಅದರಲ್ಲಿ ಅಂಜನಮ್ಮ ದೋಸೆ ಹಿಟ್ಟು ಇಟ್ಟು ಎಸ್ಟೇಟಿನ ಕೂಲಿ ಲೈನಿನ ಮನೆಗಳಿಗೆಲ್ಲ ಕೊಡುತ್ತಿದ್ದರು. ಬೆಳಿಗ್ಗೆ ಕೆಲಸಕ್ಕೆ ಓಡುವ ಹೆಂಗಸರಿಗೆ ಅದೇ ದೊಡ್ಡ ಅನುಕೂಲ.

ಹೋದ ವರ್ಷ ಅದು ಕೆಟ್ಟಿತು. ಮೇಲಿನ ಪೆಟ್ಟಿಗೆಯಲ್ಲಿ ಮಂಜು ಗೋಡೆಯ ಹಾಗೆ ಕಟ್ಟಿಕೊಂಡು, ಕೆಳಗೆ ತಂಪೇ ಇಲ್ಲದೆ, ನೆಲದ ಮೇಲೆಲ್ಲ ನೀರು. ಇವರು ಹೋಗಿ ಆಫ್ ಮಾಡಿ ಮಂಜು ಕರಗಲು ಬಿಟ್ಟರು. ಹಿಂದಿನ ನೀರು ಹೋಗುವ ತೂತನ್ನು ಸಣ್ಣ ತಂತಿಯಿಂದ ಬಿಡಿಸಿದರು, ಬಾಗಿಲಿನ ಸಡಿಲ ರಬ್ಬರ್ ಬದಲಿಸಿದರು. ಎಲ್ಲ ಸರಿಯಾದ ಮೇಲೆ ಅಂಜನಮ್ಮ ತೋರಿಸಿದ ಹೊಸ ಜಾಗದಲ್ಲಿ ಇಡೋಣವೆಂದರೆ ಅಲ್ಲಿ ಗೋಡೆಯ ಸಾಕೆಟ್ಟಿಗೆ ಎರಡೇ ತೂತು. ಫ್ರಿಜ್ಜಿನದು ಮೂರು ಪಿನ್ನು. ಮೇಲಿನ ದಪ್ಪ ಪಿನ್ನು ಅರ್ಥ್‌ದು, ಕರೆಂಟು ಹೊರಮೈಗೆ ಬಂದರೆ ಅದನ್ನು ಮಣ್ಣಿಗೆ ಒಯ್ಯುವುದಕ್ಕೆ. ಇವರು ಆ ಪಿನ್ನನ್ನು ಪ್ಲೈಯರಿನಲ್ಲಿ ಹಿಡಿದು ಮುರಿದರು. ಉಳಿದ ಎರಡನ್ನು ಸಿಕ್ಕಿಸಿ, "ಅಮ್ಮಾ, ವೈರಿಂಗ್‌ನೋರು ಈ ಕಡೆ ಬಂದ್ರೆ ಒಂದು ಅರ್ಥ್ ಎಳೆಸಿ" ಎಂದು ಹೇಳಿ ಬಂದರು. ಅದನ್ನು ನನ್ನ ಹತ್ತಿರವೂ ಹೇಳಿದ್ದರು, ಊಟ ಮಾಡುತ್ತಾ, ಮಜ್ಜಿಗೆ ಕೇಳುವ ಧಾಟಿಯಲ್ಲಿ. ನನಗೂ ಅದು ದೊಡ್ಡದೆನಿಸಲಿಲ್ಲ. ಇಲ್ಲಿ ಎಷ್ಟೋ ಹಳೆಯ ಮನೆಗಳಲ್ಲಿ ಹಾಗೇ ನಡೆಯುತ್ತದೆ.

ಮಾರ್ಚ್ ಇಪ್ಪತ್ತೆಂಟು, ಗುರುವಾರ. ಬೆಳಿಗ್ಗೆ ಏಳೂವರೆಗೆ ಅಂಗಡಿಯ ಫೋನಿಗೆ ಕರೆ ಬಂತು. ಅದು ಮನೆಯಲ್ಲೇ ಇರುತ್ತದೆ, ನಾನೇ ಎತ್ತುವುದು. ರಂಜಿತಾಳ ದನಿ. "ಅಕ್ಕಾ, ಕಲ್ಲೇಶಣ್ಣನ್ನ ಕಳ್ಸಿ. ಅಮ್ಮ ಫ್ರಿಜ್ಜಿನ ಹತ್ರ ಬಿದ್ದಿದಾಳೆ. ಅಪ್ಪ ಮುಟ್ಟಕ್ಕೆ ಹೋದ್ರೆ ಅಪ್ಪಂಗೂ ಹೊಡೀತು." ಮೇನ್ ಆಫ್ ಮಾಡು ಎಂದು ನಾನು ಕಿರುಚಿದೆ. ಅಷ್ಟರಲ್ಲಿ ಪಕ್ಕದ ಮನೆಯವರು ಮಾಡಿದ್ದರಂತೆ. ಇವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಬೈಕ್ ಹತ್ತಿದರು. ಇವರು ತಲುಪುವ ಹೊತ್ತಿಗೆ ಅಂಜನಮ್ಮನನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದಾಗಿತ್ತು. ಜೀವ ಮನೆಯಲ್ಲೇ ಹೋಗಿತ್ತು.

ಒಂದು ಕೈ ಫ್ರಿಜ್ಜಿನ ಹಿಡಿಯ ಮೇಲೆ, ಇನ್ನೊಂದು ಪಕ್ಕದ ಕಬ್ಬಿಣದ ನಲ್ಲಿಯ ಮೇಲೆ ಇತ್ತಂತೆ. ಕರೆಂಟು ಈ ಕೈಯಿಂದ ಹೊಕ್ಕು ಎದೆ ಹಾದು ಆ ಕೈಯಿಂದ ಹೋಗಿದೆ. ನೋಡಲು ಬಂದ ಕರೆಂಟಿನವರು ಫ್ರಿಜ್ ಎಳೆದು ಹಿಂದೆ ಬ್ಯಾಟರಿ ಬಿಟ್ಟರು. ಕಂಪ್ರೆಸರಿನ ಹತ್ತಿರ ಇಲಿ ವೈರಿನ ಸಿಪ್ಪೆ ಕಡಿದು, ಒಳಗಿನ ತಾಮ್ರ ತಗಡಿಗೆ ತಾಗಿತ್ತು. "ಅರ್ಥ್ ಒಂದು ಇದ್ದಿದ್ರೆ ಫ್ಯೂಸ್ ಹೋಗ್ತಿತ್ತು, ಜನ ಉಳೀತಿತ್ತು" ಎಂದು ಅವರಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳಿದನಂತೆ. ಇವರು ಅಲ್ಲೇ ನಿಂತಿದ್ದರು. ಆ ಹೋಂಸ್ಟೇಯವರೇ ಪಿನ್ನು ಮುರಿದಿರಬೇಕು ಎಂದು ಯಾರೋ ಅಂದರಂತೆ. ಇವರು ಆಗಲೂ ಸುಮ್ಮನಿದ್ದರು. ಇಲಿ ಕಡಿದು ಆದ ಆಕಸ್ಮಿಕ ಎಂದು ಪೊಲೀಸರು ಬರೆದುಕೊಂಡರು.

ಮನೆಗೆ ಬಂದವರು ನೀರು ಕೇಳಿದರು, ಕುಡಿಯಲಿಲ್ಲ. "ನಾನು ಮುರಿದದ್ದು ಕಣೆ" ಎಂದರು. ಮೂರು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ.

ನಾಲ್ಕನೆಯ ದಿನ, ಪೊಲೀಸರ ಹತ್ತಿರ ಹೋಗಿ ಹೇಳುತ್ತೇನೆ ಎಂದು ಎದ್ದರು. ಅತ್ತೆ ಬಾಗಿಲಿಗೆ ಅಡ್ಡ ಕೂತುಬಿಟ್ಟರು. "ಮಗಳ ಮುಖ ನೋಡ್ಕೊಂಡಾದ್ರೂ ಬಾಯಿ ಮುಚ್ಕೊಂಡಿರೋ" ಎಂದು ಅತ್ತರು. ಅಂಗಡಿ ಕಟ್ಟಡದ ಯಜಮಾನರಾದ ಪರಮೇಶ್ವರಪ್ಪನವರನ್ನೂ ಕರೆಸಿದರು. ಅವರು ಬೈಯಲಿಲ್ಲ, ಮೆಲ್ಲಗೇ ಹೇಳಿದರು.

"ಇಲಿ ಅಂತ ಅವರೇ ಬರ್ಕೊಂಡು ಹೋಗಿದಾರೆ ಮಾರಾಯ. ನೀನೆಂತಕ್ಕೆ ಹೋಗಿ ಕುತ್ತಿಗೆ ಕೊಡೂದು? ಎಲ್ಲಾ ಮೆಕ್ಯಾನಿಕ್‌ಗಳು ಮಾಡೂದೇ ಅಲ್ವಾ ಅದು?"

"ಎಲ್ಲಾರೂ ಮಾಡ್ತಾರೆ ಮಾವ. ಸತ್ತದ್ದು ನಾನು ಮಾಡಿದ ಮನೇಲಿ."

"ಹೇಳಿದ್ರೆ ಎದ್ದು ಬರ್ತಾಳಾ ಅವಳು?"

ಇವರು ಆ ದಿನ ಹೊರಡಲಿಲ್ಲ. ಹನ್ನೊಂದರ ಕಾರ್ಯ ಮುಗಿಯುವವರೆಗೆ ತಡೆದುಕೊಂಡರು. ಯುಗಾದಿಯ ಬೆಳಿಗ್ಗೆ ನೀನು ಬೇವುಬೆಲ್ಲ ಹಂಚುತ್ತಿದ್ದ ಹೊತ್ತಿಗೆ ನಾವಿಬ್ಬರೂ ಮಲ್ಲಂದೂರಿನ ದಾರಿಯಲ್ಲಿದ್ದೆವು.

ಬೆಳ್ಳಿಯಪ್ಪ ಜಗುಲಿಯಲ್ಲಿ ಕೂತಿದ್ದರು. ಅವರ ಬಲಗೈ ಹೆಬ್ಬೆರಳಿಗೆ ಇನ್ನೂ ಬಟ್ಟೆ ಸುತ್ತಿತ್ತು, ಹೆಂಡತಿಯನ್ನು ಎಳೆಯಲು ಹೋದಾಗ ಸುಟ್ಟದ್ದು. ಫ್ರಿಜ್ಜನ್ನು ಹೊರಗೆ ತಂದು ಬಾಗಿಲು ಗೋಡೆಯ ಕಡೆಗೆ ಮಾಡಿ ನಿಲ್ಲಿಸಿದ್ದರು. ನಮ್ಮನ್ನು ನೋಡಿ ಎದ್ದು ಚಾಪೆ ಹಾಕಿದರು. ಹಬ್ಬದ ದಿನ ಬಂದಿರಲ್ಲ, ಕಾಫಿಯನ್ನಾದರೂ ಕುಡಿಯಿರಿ ಎಂದು ರಂಜಿತಾಳನ್ನು ಕರೆದರು. ಇವರು ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು, ಒಂದನ್ನೂ ಬಿಡದೆ.

ಬೆಳ್ಳಿಯಪ್ಪ ಫ್ರಿಜ್ಜಿನ ಕಡೆ ತಿರುಗಿ ಕೇಳಿದರು. "ಅದು ಇದ್ದಿದ್ರೆ ಇವ್ಳು ಉಳೀತಿದ್ಲಾ?"

"ಉಳೀತಿದ್ರು."

"ಮುರಿಯಾಕೆ ಎಷ್ಟೊತ್ತು ಬೇಕಾತು?"

"ಒಂದು ನಿಮಿಷ" ಎಂದರು ಇವರು.

ರಂಜಿತಾ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಚೆಲ್ಲಲಿಲ್ಲ, ಕೂಗಲಿಲ್ಲ. "ಒಂದು ವರ್ಷ ಇತ್ತಲ್ಲಣ್ಣ" ಎಂದಳು. "ಈ ರೋಡಲ್ಲಿ ಎಷ್ಟು ಸಲ ಓಡಾಡಿದೀರಿ. ಒಂದು ಸಲ ಬಂದು ಹಾಕಿ ಹೋಗ್ಬಹುದಿತ್ತು." ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು, ಮತ್ತೆ ಹೊರಗೆ ಬರಲಿಲ್ಲ.

"ಹೇಳಿದ್ರಲ್ಲ, ಅಷ್ಟಾತು" ಎಂದರು ಬೆಳ್ಳಿಯಪ್ಪ. "ನಾನು ಶಾಪ ಹಾಕಾಕಿಲ್ಲ. ಹಾಕಿ ಎಂತ ಮಾಡ್ಲಿ. ಆದ್ರೆ ಇನ್ನು ಈ ಕಡೀಕೆ ಬರಬ್ಯಾಡಿ."

ಅಲ್ಲಿಂದ ಇವರು ನೇರ ಠಾಣೆಗೆ ಹೋದರು. ಈಗ ನಿರ್ಲಕ್ಷ್ಯದ ಕೇಸು ಹಾಕಿದ್ದಾರೆ. ಜಾಮೀನು ಸಿಕ್ಕಿದೆ, ಜೂನ್ ಕೊನೆಗೆ ಕೋರ್ಟಿಗೆ ಹೋಗಬೇಕು. ಅತ್ತೆ ಮಗನ ಜೊತೆ ಮಾತು ಬಿಟ್ಟಿದ್ದಾರೆ. ತಟ್ಟೆ ಮಾತ್ರ ಅವರೇ ಇಡುತ್ತಾರೆ.

ಆಮೇಲೆ ಇವರು ಹಿಡಿದ ಕೆಲಸವನ್ನು ಹೇಗೆ ಹೇಳಲಿ. ಹೊಸ ರಿಪೇರಿ ಒಂದನ್ನೂ ಒಪ್ಪಿಕೊಳ್ಳುತ್ತಿಲ್ಲ. ಇಷ್ಟು ವರ್ಷ ಎಲ್ಲೆಲ್ಲಿ ಫ್ರಿಜ್ ಮುಟ್ಟಿದ್ದಾರೋ ಆ ಮನೆಗಳನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದಾಗಿ ಹೋಗುತ್ತಿದ್ದಾರೆ. ಬೈಕಿನ ಹಿಂದೆ ಕಬ್ಬಿಣದ ಸರಳು, ಒಂದು ಚೀಲ ಇದ್ದಿಲು, ಉಪ್ಪು, ಹಸಿರು ವೈರಿನ ಸುರುಳಿ. ಗೊತ್ತಿರುವ ವೈರಿಂಗ್‌ನವರೊಬ್ಬರನ್ನೂ ಕೂರಿಸಿಕೊಂಡು ಹೋಗುತ್ತಾರೆ. ಮನೆಯ ಹಿಂದೆ ಗುಂಡಿ ತೋಡಿ ಸರಳು ಇಳಿಸಿ, ಉಪ್ಪು ಇದ್ದಿಲು ತುಂಬಿ ನೀರು ಹೊಯ್ದು, ವೈರು ಒಳಗೆಳೆದು ಮೂರು ಪಿನ್ನಿನ ಸಾಕೆಟ್ ಕೂರಿಸುತ್ತಾರೆ. ಫ್ರಿಜ್ಜಿನ ಹಿಂದೆ ದೂಳು ಹೊಡೆದು, ಇಲಿ ಕಡಿದಿದೆಯೋ ಎಂದು ಬೆರಳಷ್ಟೂ ಬಿಡದೆ ನೋಡುತ್ತಾರೆ. ಕೆಲವರು ಊಟ ಹಾಕುತ್ತಾರೆ. ವಸ್ತಾರೆಯಲ್ಲಿ ಒಬ್ಬರು, "ಜನ ಕೊಂದ ಕೈಯಲ್ಲಿ ನಮ್ಮನೆ ಮುಟ್ಟಬೇಡ" ಎಂದು ಗೇಟು ಹಾಕಿದರಂತೆ. ಇವರು ಗೇಟಿನ ಹೊರಗಿನಿಂದಲೇ, ಪ್ಲಗ್ ಒಂದು ಸಲ ನೋಡಿ ಎಂದು ಕೂಗಿ ಬಂದರಂತೆ.

ಇದುವರೆಗೆ ಹದಿನಾಲ್ಕು ಮನೆಗಳಲ್ಲಿ ಇವರೇ ಮುರಿದ ಪಿನ್ನು ಸಿಕ್ಕಿದೆ. ಹೋದ ವಾರ ಜವರಮ್ಮ ಎಂಬ ಮುದುಕಿಯ ಮನೆಯಲ್ಲಿ ಟೆಸ್ಟರನ್ನು ಫ್ರಿಜ್ಜಿನ ಬಾಗಿಲಿಗೆ ಇಟ್ಟರೆ ಅದರ ದೀಪ ಹೊತ್ತಿತಂತೆ. ಆ ಅಜ್ಜಿ ಫ್ರಿಜ್ಜಿನ ಪಕ್ಕದಲ್ಲೇ ನೆಲ ಒರೆಸುತ್ತಿತ್ತಂತೆ. ಇವರು ಪ್ಲಗ್ ಎಳೆದು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರಂತೆ. ವೈರಿಂಗ್‌ನವರೇ ಎಬ್ಬಿಸಿ ಮನೆಗೆ ಕರೆತಂದರು. ಆ ಅಜ್ಜಿ ಉಳಿಯಿತಲ್ಲ ಎಂದು ನಾನು ಸಮಾಧಾನ ಹೇಳಿದರೆ, "ಉಳಿದದ್ದು ನನ್ನಿಂದ ಅಲ್ಲ, ಸಾಯೋದಿದ್ದದ್ದು ನನ್ನಿಂದ" ಎಂದರು. ತೂಕ ಇಳಿದಿದೆ ಅಕ್ಕ. ಬೆಲ್ಟಿಗೆ ಹೊಸ ತೂತು ಹಾಕಿದ್ದಾರೆ.

ನಿನ್ನ ಮನೆಯ ಫ್ರಿಜ್ಜಿನ ಪ್ಲಗ್ಗನ್ನು ಇವತ್ತೇ ಭಾವನಿಗೆ ಹೇಳಿ ನೋಡಿಸು. ಮೂರು ಪಿನ್ನೂ ಇರಬೇಕು, ಗೋಡೆಯ ಮೂರನೆಯ ತೂತಿಗೆ ನಿಜಕ್ಕೂ ವೈರು ಬಂದಿರಬೇಕು. ಎಷ್ಟೋ ಮನೆಗಳಲ್ಲಿ ತೂತು ಮಾತ್ರ ಇರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಮಂಜು ಕಟ್ಟಿದರೆ ಚಾಕುವಿನಲ್ಲಿ ಕೆರೆಯಬೇಡ.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಕ್ಕಳ ತಲೆ ಮೇಲೆ ಚಿಕ್ಕಮ್ಮನ ಕೈ ಇದೆ ಎಂದುಕೊಂಡು ಒಂದು ಸಲ ನೀನೇ ಸವರು. ನಿಮ್ಮ ಮನೆಗೆ ಶಿವನು ನೆಮ್ಮದಿ ಕೊಡಲಿ, ಅದು ಒಂದಿದ್ದರೆ ಸಾಕು.

ನಿನ್ನ ತಂಗಿ,
ಸುಪ್ರಿಯಾ

ತಾ.ಕ.: ಲಕೋಟೆ ಅಂಟಿಸಿದ್ದೆ. ಬಿಡಿಸಿ ಮತ್ತೆ ಬರೆಯುತ್ತಿದ್ದೇನೆ.

ಅಂಜನಮ್ಮ ಸಾಯುವ ಹಿಂದಿನ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಫೋನಿಗೆ ಮಾಡಿದ್ದರು. ಬೇಸಿಗೆಯಲ್ಲಿ ನಮ್ಮ ಫೋನಿಗೆ ಉಸಿರಾಡಲು ಬಿಡುವಿರುವುದಿಲ್ಲ, ಎಲ್ಲರಿಗೂ ಇವತ್ತೇ ಬರಬೇಕು. ಒಲೆಯ ಮೇಲೆ ಹಾಲು, ಅತ್ತೆ ಒಳಗಿನಿಂದ ಕೂಗುತ್ತಿದ್ದರು. "ಅವ್ವಾ, ಫ್ರಿಜ್ಜು ಮುಟ್ಟಿದ್ರೆ ಕೈ ಜುಂ ಅಂತದೆ" ಎಂದರು ಅಂಜನಮ್ಮ. ಹಾಗೆಂದರೆ ಏನು ಹೇಳಬೇಕೆಂದು ನನಗೆ ಗೊತ್ತು ಅಕ್ಕ. ಹನ್ನೆರಡು ವರ್ಷದಿಂದ ಆ ಫೋನ್ ಎತ್ತುತ್ತಿದ್ದೇನೆ. ಪ್ಲಗ್ ಎಳೆಯಿರಿ, ಅವರು ಬರುವವರೆಗೆ ಮುಟ್ಟಬೇಡಿ ಎಂದು ಎಷ್ಟು ಜನರಿಗೆ ಹೇಳಿದ್ದೇನೆ. ಆ ದಿನ ಹೇಳಲಿಲ್ಲ. ಪ್ಲಗ್ ಎಳೆಯಿರಿ ಎಂದರೆ ಹಿಟ್ಟು ಹುಳಿಯಾಗುತ್ತದೆ ಎಂದು ಇನ್ನೂ ಹತ್ತು ಮಾತಾಡುತ್ತಾರೆ ಎನಿಸಿತು. "ಚಪ್ಪಲಿ ಹಾಕ್ಕೊಂಡು ಮುಟ್ಟಿ, ಎರಡು ದಿನ ಬಿಟ್ಟು ಬರ್ತಾರೆ" ಎಂದೆ. "ಆಯ್ತು ಕಣವ್ವ" ಎಂದರು. ಊಟ ಆಯ್ತಾ ಎಂದು ಕೇಳಿದರು. ಹೂಂ ಎಂದು ಫೋನ್ ಇಟ್ಟೆ. ಇವರಿಗೆ ಹೇಳಲೂ ಮರೆತೆ.

ಅಂಜನಮ್ಮನ ಮಣ್ಣಿಗೆ ಹೋದಾಗ ರಂಜಿತಾ ಹೆಂಗಸರ ಮುಂದೆ ಅಳುತ್ತಾ ಹೇಳುತ್ತಿದ್ದಳು. "ಅಡುಗೆ ಮನೆಗೆ ಜನ್ಮದಲ್ಲಿ ಚಪ್ಪಲಿ ಹಾಕ್ಕೊಂಡು ಹೋದೋಳಲ್ಲ ನಮ್ಮಮ್ಮ. ಅವತ್ತು ಯಾಕೆ ಹಾಕಿದ್ಲೋ ಗೊತ್ತಿಲ್ಲ." ಯಾರಿಗೂ ಗೊತ್ತಿರಲಿಲ್ಲ. ನಾನು ಅವಳ ಬೆನ್ನು ಸವರುತ್ತಾ ಕೂತಿದ್ದೆ.

ಇವರಿಗೆ ಇನ್ನೂ ಹೇಳಿಲ್ಲ. ಮೊನ್ನೆ ನಾನು ಅಳುವುದನ್ನು ಕಂಡು, "ಮುರಿದೋನು ನಾನು, ನೀನೆಂತಕ್ಕೆ ಸೊರಗ್ತೀಯೇ" ಎಂದು ತಲೆ ಸವರಿದರು. ಆಗಲೂ ಹೇಳಲಿಲ್ಲ. ಓದಿದ ಮೇಲೆ ಹರಿದುಬಿಡು ಎಂದು ಬರೆಯಬೇಕೆಂದಿದ್ದೆ. ಬೇಡ, ಇಟ್ಟುಕೊಂಡಿರು. ನನ್ನ ಬಾಯಿ ಕೊನೆಗೂ ಬಿಡದೇ ಹೋದರೆ ನೀನೇ ತಂದು ಇವರ ಕೈಗೆ ಕೊಡು.