ರಾಜಗಿರಿ ಬಲಿಯುವ ತನಕ

ರೌಸ್ ಹಿಲ್, ಸಿಡ್ನಿ
ಫೆಬ್ರುವರಿ 2006

ಪ್ರೀತಿಯ ಚಂದ್ರಪ್ರಭಕ್ಕನಿಗೆ,

ಮೆಲ್ಬರ್ನ್‌ನಿಂದ ನೀವು ಕಳಿಸಿದ ಬೀಜದ ರಾಜಗಿರಿ ದಂಟು ಬೇಲಿಗಿಂತ ಎತ್ತರ ಬೆಳೆದಿದೆ. ನಸುಕಿನಲ್ಲಿ ಕೆಂಪು ತೆನೆಗಳು ತೂಗುವಾಗ ಹಿತ್ತಲಲ್ಲಿ ಯಾರೋ ಬಂದು ನಿಂತಂತೆ ಕಾಣುತ್ತದೆ.

ಬಾಣಂತನದಲ್ಲಿ ನನಗೆ ರಕ್ತ ಕಡಿಮೆಯಾದಾಗ ಮಾವನವರೇ ಸೊಪ್ಪು ಬಿಡಿಸಿ, ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ ಉಣ್ಣಿಸಿದರು. ಡಾಕ್ಟರ ಮಾತ್ರೆಯ ಜೊತೆ ಅದೂ ಸೇರಿ ಈಗ ಚೇತರಿಸಿಕೊಂಡಿದ್ದೇನೆ. ಮಾವನವರು ಮಾತ್ರ ಆ ಸೊಪ್ಪು ತಿನ್ನುವಂತಿಲ್ಲ. ಹೃದಯದ ಆಪರೇಷನ್ ನಂತರ ಕೊಟ್ಟಿರುವ, ರಕ್ತ ತೆಳುವಾಗಿಸುವ ಮಾತ್ರೆಯ ಬಲವನ್ನು ಅದು ಕುಗ್ಗಿಸುತ್ತದಂತೆ.

ಹೋದ ವಾರ ಅವರು ಆ ಮಾತ್ರೆಯನ್ನೇ ಬಿಟ್ಟರು. "ನಿಮ್ಮತ್ತಿ ಹೋದಮ್ಯಾಲೆ ಇದೆಲ್ಲಾ ಯಾತಕ್ಕವ್ವಾ" ಎಂದರು.

ರಾಜಗಿರಿಯ ಕಾಳನ್ನಾದರೂ ಅವರು ತಿನ್ನಬಹುದೇ ಎಂದು ಡಾಕ್ಟರನ್ನು ಕೇಳಿದೆ. ತೊಂದರೆಯಿಲ್ಲ ಎಂದರು. ಹಿತ್ತಲಿಗೆ ಹೋಗಿ ಮಾವನವರಿಗೆ ಹೇಳಿದೆ. ತೆನೆಯೊಂದನ್ನು ಅಂಗೈಯಲ್ಲಿ ಹಿಡಿದು ಉಜ್ಜಿ ನೋಡಿದರು.

"ಆಕಿ ರಾಜಗಿರಿ ಉಂಡಿ ಭಾಳ ಚಲೋ ಮಾಡ್ತಿದ್ಲು. ಇದಿನ್ನೂ ಎಳೀದೈತಿ. ಬಲೀಲಿ, ಅಲ್ಲೀತನಕಾ ತಡೀತೀನಿ."

ಒಳಗೆ ಬಂದು ನೀರು ಕೇಳಿ ಮಾತ್ರೆ ನುಂಗಿದರು.

ಅಕ್ಕಾ, ನಿಮ್ಮವ್ವ ಕಾಳನ್ನು ಹೇಗೆ ಅರಳಿಸುತ್ತಿದ್ದರು, ಬೆಲ್ಲದ ಪಾಕ ಎಷ್ಟು ಗಟ್ಟಿಯಿರಬೇಕು, ದಯವಿಟ್ಟು ಬರೆಯಿರಿ. ರಜೆ ಸಿಕ್ಕರೆ ನೀವೇ ಬಂದು ಉಂಡೆ ಕಟ್ಟಿಕೊಡಿ.

ನಿಮ್ಮ ತಮ್ಮನ ಹೆಂಡತಿ,
ಮಹಾಶ್ವೇತಾ