ನೀನು ಅರ್ಥ ಹೇಳಿದ ಚಿತ್ರ

ಲೇಡೀಸ್ ಹಾಸ್ಟೆಲ್, ಮೂಡುಬಿದಿರೆ
16 ಫೆಬ್ರವರಿ 2025, ಭಾನುವಾರ

ವಿಜೇತಾ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಮತ್ತೆ ಬೇಡವೆನಿಸಿ ಬೇರೆ ಹಾಳೆ ತೆಗೆದುಕೊಂಡೆ. ನಾಳೆ ನೀನು ನಿನ್ನ ಊರು ಮಾಣಿಯಿಂದ ಬರುವಾಗ ಇದು ನಿನ್ನ ದಿಂಬಿನ ಮೇಲಿರುತ್ತದೆ. ಎದುರು ನಿಂತು ಮಾತಾಡಲು ಹೋದರೆ ನನಗೆ ಅಳು ಬರುತ್ತದೆ, ನಿನಗೆ ಗೊತ್ತುಂಟು.

ನಿನ್ನೆಯ ಎಕ್ಸಿಬಿಷನ್‌ಗೆ ಅಮ್ಮ ಗುರುವಾಯನಕೆರೆಯಿಂದ ಬರುತ್ತಾರೆಂದು ಗೊತ್ತಾದಾಗಿನಿಂದ ನನಗೆ ಒಂದೇ ಟೆನ್ಷನ್. ನನ್ನ ಚಿತ್ರದಲ್ಲಿ ಮನೆ ಇಲ್ಲ, ಮರ ಇಲ್ಲ, ಮುಖ ಇಲ್ಲ. ಬರೀ ಕಡುನೀಲಿ, ನಡುವೆ ಬಟ್ಟೆಯಿಂದ ಒರೆಸಿ ಒರೆಸಿ ಮಸುಕು ಮಾಡಿದ ಒಂದು ಕಂದು ಪಟ್ಟೆ. ನಮ್ಮ ಕ್ಲಾಸಿನ ಅಮಲ್ ಆಗಲೇ ಬಂದು, "ಎಂತ ಮಾರಾಯ್ತಿ, ಚಾ ಚೆಲ್ಲಿತಾ?" ಎಂದು ಎಲ್ಲರನ್ನೂ ನಗಿಸಿ ಹೋಗಿದ್ದ. ಅಮ್ಮನೂ ಹಾಗೇ ಕೇಳಿದ್ದರೆ ನನಗೆ ಬೇಸರವಾಗುತ್ತಿರಲಿಲ್ಲ.

ಅಮ್ಮ ಕೇಳಲಿಲ್ಲ. ಕೈಚೀಲವನ್ನು ಎದೆಗೆ ಒತ್ತಿಕೊಂಡು ತುಂಬಾ ಹೊತ್ತು ನಿಂತರು. ಆಮೇಲೆ, "ಎಂತ ಅಂತ ಗೊತ್ತಾಗುವುದಿಲ್ಲ ಮಗಾ, ಆದರೆ ಇದನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸೇ ಬರುವುದಿಲ್ಲ" ಎಂದು ನನ್ನ ಕೈ ಹಿಡಿದರು. ವಿಜೇತಾ, ನನಗೆ ಅಷ್ಟೇ ಬೇಕಿತ್ತು. ಇಷ್ಟು ವರ್ಷ ಹೇಳಲಾಗದ್ದು ಅವರಿಗೆ ಮುಟ್ಟಿತ್ತು, ತಪ್ಪು ಯಾರದೆಂಬ ಮಾತೇ ಬಾರದೆ.

ಆಗ ನೀನು ಬಂದೆ. "ಆಂಟಿ, ಗೊತ್ತಾಗಲಿಲ್ವಾ? ಅದು ನೀವೇ! ಐದನೇ ಕ್ಲಾಸಲ್ಲಿ ಇವಳನ್ನು ಹಾಸ್ಟೆಲಲ್ಲಿ ಬಿಟ್ಟು ಹೋಗುವಾಗ ಕಂಡ ನಿಮ್ಮ ಬೆನ್ನು. ಒಮ್ಮೆಯೂ ತಿರುಗಿ ನೋಡ್ಲಿಲ್ಲವಂತಲ್ಲ ನೀವು?" ನಗುನಗುತ್ತಾ ಹೇಳಿದೆ, ಕ್ವಿಜ್‌ನಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಗೊತ್ತಾದವಳ ಹಾಗೆ.

ಅದನ್ನು ನಳ್ಳಿಯ ಹತ್ತಿರ ಬ್ರಷ್ ತೊಳೆಯುವಾಗ ನಿನಗೊಬ್ಬಳಿಗೆ ಹೇಳಿದ್ದೆ. ಆ ಹಾಸ್ಟೆಲಿನಲ್ಲೂ ನನ್ನ ಪಕ್ಕದ ಮಂಚ ನಿನ್ನದೇ ಆಗಿತ್ತಲ್ಲ, ಅದಕ್ಕೆ. ಅಪ್ಪ ಮಸ್ಕತ್‌ನಲ್ಲಿ, ಅಜ್ಜಿ ಹಾಸಿಗೆ ಹಿಡಿದಿದ್ದರು. ಅಮ್ಮ ಒಬ್ಬರೇ ಎಂತ ಮಾಡಬೇಕಿತ್ತು? ಅದು ನನಗೂ ಗೊತ್ತುಂಟು. ಗೊತ್ತಿದ್ದರೂ ನೋಯುತ್ತದೆ. ಹೇಳಿದರೆ ಅವರಿಗೆ ನೋಯುತ್ತದೆ. ಅದಕ್ಕೇ ಮಾತು ಬೇಡವೆಂದು ಬಣ್ಣ ತೆಗೆದುಕೊಂಡದ್ದು. ನೀನು ಒಂದೇ ನಿಮಿಷದಲ್ಲಿ ಅದನ್ನು ದೂರು ಮಾಡಿಬಿಟ್ಟೆ. ಅಮ್ಮ ನನ್ನ ಕೈ ಬಿಟ್ಟರು. ಕ್ಯಾಂಟೀನಿನಲ್ಲಿ ಬನ್ಸ್ ತರಿಸಿದರು, ಮುಟ್ಟಲಿಲ್ಲ.

ರಾತ್ರಿ ನೀನು 'ಸಾರಿ' ಎಂದು ಮೆಸೇಜ್ ಹಾಕಿ ಪಕ್ಕದಲ್ಲಿ ನಗುವ ಇಮೋಜಿ ಇಟ್ಟಿದ್ದಿ. ಅದು ಸಾರಿಯಾ? ನಿನಗೆ ಕೆಟ್ಟ ಮನಸ್ಸು ಇರಲಿಲ್ಲ, ಒಪ್ಪುತ್ತೇನೆ. ಆದರೆ ನನ್ನ ಗುಟ್ಟನ್ನು ಅಷ್ಟು ಸುಲಭವಾಗಿ ಎತ್ತಿ ಕೊಡಲು ನಿನಗೆ ಹೇಗೆ ಕೈ ಬಂತು? ಇನ್ನು ಗುಡ್ ಮಾರ್ನಿಂಗ್ ಹೇಳ್ತೇನೆ, ಒಟ್ಟಿಗೆ ಊಟಕ್ಕೂ ಬರ್ತೇನೆ. ಮನಸ್ಸಿನ ಮಾತು ಮಾತ್ರ ನನ್ನಿಂದ ಕೇಳಬೇಡ.

ಇತಿ,
ತೃಷಾ
('ನಿನ್ನ' ಎಂದು ಸೇರಿಸಲು ಆಗಲಿಲ್ಲ)

ವಿ.ಸೂ.: ಇದನ್ನು ಬರೆಯಬಾರದೆಂದಿದ್ದೆ. ಕ್ಯಾಂಟೀನಿನಲ್ಲಿ ಅಮ್ಮ, "ಅವಳು ಹೇಳಿದ್ದು ಹೌದಾ?" ಎಂದು ಕೇಳಿದರು. ಇಲ್ಲ, ವಿಜೇತಾ ಸುಳ್ಳು ಹೇಳ್ತಾಳೆ, ಅವಳದ್ದು ಯಾವಾಗಲೂ ಹಾಗೆಯೇ ಎಂದುಬಿಟ್ಟೆ. ಮುಂದೆ ನೀನು ನಮ್ಮ ಮನೆಗೆ ಬಂದಾಗ ಅಮ್ಮ ನಿನ್ನ ಹತ್ತಿರ ಸರಿಯಾಗಿ ಮಾತಾಡದಿದ್ದರೆ ಕಾರಣ ಅದು. "ಹಾಗಾದ್ರೆ ಸರಿ" ಎಂದರು ಅಮ್ಮ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ನಿಂತಿದ್ದರೂ ಹತ್ತಲಿಲ್ಲ. "ಈ ಸಲ ನೀನು ಮೊದಲು ಹೋಗು ಮಗಾ. ನಾನು ಇಲ್ಲಿ ನಿಂತು ನೋಡ್ತೇನೆ" ಎಂದರು. ರಸ್ತೆ ದಾಟಿ ತಿರುವಿನವರೆಗೂ ನಡೆದೆ. ತಿರುಗಿ ನೋಡಲು ನನ್ನಿಂದಲೂ ಆಗಲಿಲ್ಲ.